ಗೌರಿಯ ಟೋಪಿ ನಂಬರ್

ಮೊನ್ನೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೇ ನಮ್ಮೂರ ಡೈರಿ ಮೈಕಿನಲ್ಲಿ ಕೂಗಿದರು. ‘ಇವತ್ತು ಕಾಲುಬಾಯಿ ಜ್ವರದ ಲಸಿಕೆ ಇದೆ. ದನಗಳನ್ನು ಹೊಲಕ್ಕೆ ಹೊಡೆಯಬೇಡಿ. ಮನೆ ಹತ್ರಾನೇ ಕಟ್ಟಿಕೊಳ್ಳಿ. ಎಲ್ಲರೂ ಮೊಬೈಲ್ ಚಾರ್ಜ್ ಮಾಡಿಕೊಂಡಿರಿ.’

ಮೊದಲ ಮಾತುಗಳು ನಮ್ಮಪ್ಪನ ಕಾಲದಿಂದಲೂ ಇವೆ. ಕೊನೆಯದು ಮಾತ್ರ ಹೊಸದು.

ಲಸಿಕೆ ಬೇಡ ಅನ್ನುವವರು ನಮ್ಮೂರಲ್ಲಿ ಯಾರೂ ಇಲ್ಲ. 2013ರಲ್ಲಿ ಕಾಲುಬಾಯಿ ಬಂದು ರಾಜ್ಯದಲ್ಲಿ ಸಾವಿರಾರು ದನ ಸತ್ತವು. ಜೊಲ್ಲು ಸುರಿಸುತ್ತಾ, ಗೊರಸು ಊರಲಾಗದೆ ಬಿದ್ದುಕೊಂಡ ಸೀಮೆ ಹಸುಗಳನ್ನು ಕಣ್ಣಾರೆ ಕಂಡಿದ್ದೇವೆ. ಹಾಗಾಗಿ 2019ರಲ್ಲಿ ಕೇಂದ್ರ ಸರ್ಕಾರ ಆರು ತಿಂಗಳಿಗೊಮ್ಮೆ ಪುಕ್ಕಟೆ ಲಸಿಕೆ, 2030ಕ್ಕೆ ಈ ರೋಗದ ಹೆಸರೇ ಇರಬಾರದು ಅಂದಾಗ ನಮಗೂ ಖುಷಿಯಾಯಿತು. ದನಗಳ ಕಿವಿಗೆ ಹಳದಿ ಓಲೆ ಬಂತು. ಅದರ ಮೇಲೆ 12 ಅಂಕಿ. ನಮ್ಮ ಆಧಾರಿಗೂ 12 ಅಂಕಿಯೇ. ಹಸುವಿನದೇ ವಾಸಿ, ಜೆರಾಕ್ಸ್ ತಗೊಂಡು ಬಾ ಅಂತ ಯಾರೂ ಅಟ್ಟುವುದಿಲ್ಲ.

ಆಮೇಲೆ ಬಂದಿದ್ದು ಆ್ಯಪ್. ಸೂಜಿ ಚುಚ್ಚಿದರೆ ಸಾಲದು, ಚುಚ್ಚಿದ್ದಕ್ಕೆ ಹಸುವಿನ ಮಾಲೀಕರ ಮೊಬೈಲಿಗೆ ಒಟಿಪಿ ಬರಬೇಕು, ಅದನ್ನು ಡಾಕ್ಟ್ರಿಗೆ ಹೇಳಬೇಕು. ನಮ್ಮೂರ ಬಾಯಲ್ಲಿ ಅದು ಟೋಪಿ ನಂಬರ್.

ನಮ್ಮ ಡಾಕ್ಟ್ರು ಒಳ್ಳೆಯ ಮನುಷ್ಯ. ಸ್ವಂತ ಆಸ್ಪತ್ರೆ ಒಂದು, ಇನ್‌ಚಾರ್ಜ್ ಆಸ್ಪತ್ರೆ ಎರಡು. ಮೊದಲೆಲ್ಲ ಕೊಟ್ಟಿಗೆಗೆ ಬಂದರೆ ಹಸುವಿನ ಮೂಗು ಒದ್ದೆ ಇದೆಯಾ ನೋಡುತ್ತಿದ್ದರು. ಸಗಣಿ ನೋಡುತ್ತಿದ್ದರು. ಮೆಲುಕು ಹಾಕ್ತಿದೆಯಾ ಅಂತ ಕೇಳುತ್ತಿದ್ದರು. ಈಗ ಬಂದವರೇ ಮೊಬೈಲನ್ನು ಆಕಾಶಕ್ಕೆ ಎತ್ತಿ ನಾಲ್ಕು ದಿಕ್ಕಿಗೂ ತೋರಿಸುತ್ತಾರೆ. ಮಂಗಳಾರತಿ ಅಂದುಕೊಂಡು ಎದುರುಮನೆ ಅಜ್ಜಿ ಒಮ್ಮೆ ಕೈಮುಗಿದೂ ಇದ್ದಾರೆ.

ಆ ಅಜ್ಜಿಯ ಹಸುವೇ ಗೌರಿ. ಇಬ್ಬರು ಹಿಡಿದುಕೊಂಡರು, ಡಾಕ್ಟ್ರು ಐಸ್ ಡಬ್ಬಿಯಿಂದ ಲಸಿಕೆ ತೆಗೆದು ಎರಡು ಎಂಎಲ್ ಚುಚ್ಚಿದರು. ಎಲ್ಲ ಸೇರಿ ಅರ್ಧ ನಿಮಿಷ. ಗೌರಿ ಒಂದು ಸಲ ಕಾಲು ಝಾಡಿಸಿ ಹುಲ್ಲಿಗೆ ಬಾಯಿ ಹಾಕಿತು. ಆಮೇಲೆ ಶುರುವಾಯಿತು ನೋಡಿ ನಿಜವಾದ ಚಿಕಿತ್ಸೆ.

ಗೌರಿಯ ಹೆಸರಿಗಿರುವ ಮೊಬೈಲ್ ನಂಬರ್ ಅಜ್ಜಿಯ ಮಗನದು. ಮಗ ಇರುವುದು ಪೀಣ್ಯದಲ್ಲಿ. ಫ್ಯಾಕ್ಟರಿಯೊಳಗೆ ಫೋನ್ ಒಯ್ಯುವ ಹಾಗಿಲ್ಲ. ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಿತ್ತು, ಗೌರಿ ಮೆಲುಕು ಹಾಕುತ್ತಿತ್ತು. ಯಾರು ಮೊದಲು ಮುಗಿಸುತ್ತಾರೋ ಅಂತ ನಾವು ಸುತ್ತ ನಿಂತು ನೋಡುತ್ತಿದ್ದೆವು. ಐಸ್ ಡಬ್ಬಿಯಲ್ಲಿ ಐಸ್ ಕರಗುತ್ತಿತ್ತು. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕಂತೆ. ಆ ನಿಯಮ ಸರ್ವರಿಗೆ ಗೊತ್ತಿದ್ದಂತಿರಲಿಲ್ಲ. ‘ಹಸು ಒದ್ದರೆ ತಡ್ಕೋಬಹುದು, ಈ ಸರ್ವರ್ ಒದ್ದರೆ ಕಷ್ಟ’ ಅಂದರು ಡಾಕ್ಟ್ರು.

ಊಟದ ಬಿಡುವಿನಲ್ಲಿ ಕೊನೆಗೂ ಮಗ ಸಿಕ್ಕಿದ. ‘ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ, ಅದನ್ನ ಹೇಳಿ’ ಅಂದರು ಡಾಕ್ಟ್ರು. ಆ ಕಡೆ ಒಂದು ಕ್ಷಣ ಮೌನ. ‘ಯಾರ್ರೀ ನೀವು?’

‘ದನದ ಡಾಕ್ಟ್ರು.’

‘ಹೋದ ವಾರ ಬ್ಯಾಂಕ್ ಮ್ಯಾನೇಜರ್ ಆಗಿದ್ರಿ, ಈಗ ದನದ ಡಾಕ್ಟ್ರಾ? 1930ಕ್ಕೆ ಫೋನ್ ಮಾಡ್ತೀನಿ ನೋಡಿ!’ ಕರೆ ಕಟ್ಟಾಯಿತು.

ಅವನ ತಪ್ಪೇನಿದೆ? ಒಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕು ಹೇಳುತ್ತದೆ, ಪೊಲೀಸರು ಹೇಳುತ್ತಾರೆ, ಸರ್ಕಾರವೂ ಹೇಳುತ್ತದೆ. ಹೇಳಿ ಹೇಳಿ ಜನ ಈಗಷ್ಟೇ ಕಲಿತಿದ್ದರು. ಅಷ್ಟರಲ್ಲಿ ಅದೇ ಸರ್ಕಾರ ಕೊಟ್ಟಿಗೆಗೆ ಬಂದು, ಸಗಣಿ ಮೇಲೆ ನಿಂತು, ಒಟಿಪಿ ಹೇಳಪ್ಪಾ ಅನ್ನುತ್ತಿದೆ. ದನಕ್ಕೆ ಹುಷಾರಿಲ್ಲದಿದ್ದರೆ 1962, ಮೋಸ ಹೋದರೆ 1930. ಲಸಿಕೆ ಹಾಕಿಸುವ ದಿನ ಎರಡೂ ನಂಬರ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಓಲೆಯ ಕಥೆ ಬೇರೆಯೇ ಇದೆ. ದನ ಅಂದಮೇಲೆ ಕಂಬಕ್ಕೆ ಕಿವಿ ಉಜ್ಜುತ್ತದೆ, ಬೇಲಿಗೆ ನುಗ್ಗುತ್ತದೆ. ಓಲೆ ಬೀಳುತ್ತದೆ. ಹೊಸ ಓಲೆ ಹಾಕಿದರೆ ಹೊಸ ನಂಬರ್. ಹಳೆಯದನ್ನು ತೆಗೆಸದಿದ್ದರೆ ನನ್ನ ಒಂದೇ ಹಸು ಕಾಗದದಲ್ಲಿ ಎರಡು. ಹಾಲು ಮಾತ್ರ ಒಂದರದ್ದೇ. ವಿಮೆ ಮಾಡಿಸಿದವರ ಪಾಡು ಇನ್ನೂ ಚೆಂದ. ಓಲೆ ಇಲ್ಲ ಅಂದರೆ ದುಡ್ಡಿಲ್ಲ. ಹೋದ ವರ್ಷ ನಮ್ಮ ಪಕ್ಕದ ಬೀದಿಯಲ್ಲಿ ಒಂದು ಎಚ್‌ಎಫ್ ಸೀಮೆ ಹಸು ಸತ್ತಾಗ ಮನೆಯವರಿಗೆ ಅಳಲೂ ಪುರುಸೊತ್ತಿರಲಿಲ್ಲ. ಇಡೀ ಸಂಸಾರ ತಿಪ್ಪೆ ಕೆದಕುತ್ತಾ ಓಲೆ ಹುಡುಕುತ್ತಿತ್ತು. ಹಸು ಅಂಗಳದಲ್ಲಿ ನಾಲ್ಕು ಕಾಲು ಚಾಚಿ ಬಿದ್ದಿತ್ತು. ಆದರೆ ಸತ್ತಿದ್ದು ಯಾವ ಹಸು ಅನ್ನುವುದು ಇನ್ನೂ ತೀರ್ಮಾನ ಆಗಿರಲಿಲ್ಲ.

ಇನ್ನೊಬ್ಬರ ಮನೆಯ ಎತ್ತು ಯಾರದೋ ಬೆರಳು ಜಾರಿ ದಾಖಲೆಯಲ್ಲಿ ಹೆಣ್ಣಾಗಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಅನ್ನೋ ಗಾದೆ ಹೇಳಿ ನಗುತ್ತಿದ್ದೆವು. ಈಗ ಆ ಮನೆಯಾತ ನಗುತ್ತಿಲ್ಲ. ತಿದ್ದಿಸಲು ಮೂರು ಸಲ ಓಡಾಡಿದ್ದಾನೆ. ‘ಸುಮ್ನೆ ಇರ್ಲಿ ಬಿಡಿ ಸಾರ್, ಕರು ಹಾಕಿದಾಗ ನೋಡ್ಕೊಳ್ಳೋಣ’ ಅನ್ನುತ್ತಾನೆ.

ಗೌರಿ ವಿಷಯಕ್ಕೆ ಬರುತ್ತೇನೆ. ಡಾಕ್ಟ್ರಿಗೆ ಸಂಜೆಯೊಳಗೆ ಇನ್ನೊಂದು ಹಳ್ಳಿ ಮುಗಿಸಬೇಕಿತ್ತು. ಓಲೆ ನಂಬರನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬೈಕ್ ಹತ್ತಿದರು. ಬೆವರಿಗೆ ಅದೂ ಅಳಿಸಿರಬೇಕು. ಲಸಿಕೆ ಹಾಕಿಸಿಕೊಂಡ ಗೌರಿ ಆ್ಯಪಿನಲ್ಲಿ ಲಸಿಕೆ ಹಾಕಿಸಿಕೊಂಡಿಲ್ಲ.

ರಾತ್ರಿ ಮಗನಿಗೆ ಅನುಮಾನ ಬಂದು ಅಮ್ಮನಿಗೆ ಫೋನ್ ಮಾಡಿದ್ದಾನೆ. ನಿಜ ತಿಳಿದ ಮೇಲೆ ಪಾಪ ಅನ್ನಿಸಿ, ತಡವಾಗಿ ಬಂದಿದ್ದ ಒಟಿಪಿಯನ್ನು ಓದಿ ಹೇಳಿದ್ದಾನೆ. ಪಕ್ಕದ ಮನೆ ಹುಡುಗಿ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ. ಮರುದಿನ ಬೆಳಗ್ಗೆ ಡೈರಿ ಹತ್ತಿರ ಅಜ್ಜಿ ಸೆರಗಿನ ಗಂಟು ಬಿಚ್ಚಿ ಆ ಚೀಟಿಯನ್ನು ನನ್ನ ಕೈಗಿಟ್ಟರು.

‘ಟೋಪಿ ನಂಬರ್ ಬಂತಪ್ಪಾ. ಇದನ್ನ ಗೌರಿ ಕೊರಳಿಗೆ ಕಟ್ಟೋದಾ, ನೀರಲ್ಲಿ ಕಲಸಿ ಕುಡಿಸೋದಾ?’