ಗೇರ್‌ಬಾಕ್ಸ್ ಬದಲಿಸುವ ಮುನ್ನ ಅದು ಕೆಟ್ಟ ಕಾರಣ ಕೇಳಿ

ಅಮೆರಿಕದಲ್ಲಿ ಪಿಕಪ್ ಟ್ರಕ್‌ಗಳ ಹುಚ್ಚು ಹಿಡಿದವರ ನಡುವೆ ಹಲವು ವರ್ಷಗಳಿಂದ ಇದ್ದೇನೆ. ಅವರ ಒಂದು ಅಭ್ಯಾಸ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ, ಯಾಕೆ ಕೈಕೊಟ್ಟಿತು ಎಂದು ವಿಚಾರಿಸುವ ಮೊದಲೇ ಅದಕ್ಕಿಂತ ಗಟ್ಟಿಯಾದದ್ದಕ್ಕೆ ಆರ್ಡರ್ ಹೋಗಿರುತ್ತದೆ. ನಮ್ಮ ಕಡೆ ಗಾಡಿ ಗ್ಯಾರೇಜಿಗೆ ಹೋದರೆ ಮೇಸ್ತ್ರಿ ಮೊದಲು ತಾನೇ ಓಡಿಸಿ ನೋಡುತ್ತಾನೆ, ಸದ್ದಿಗೆ ಕಿವಿಗೊಡುತ್ತಾನೆ, ಆಮೇಲೆ ಸ್ಪ್ಯಾನರ್ ಹಿಡಿಯುತ್ತಾನೆ. ಇಲ್ಲಿ ದೂರನ್ನು ಚೀಟಿಯಲ್ಲಿ ಬರೆಸಿ, ಕೀ ಕೊಟ್ಟು ಮನೆಗೆ ಬರುವುದು ವಾಡಿಕೆ.

ಇದಕ್ಕೆ ಕಾರಣ ಸೋಮಾರಿತನವಲ್ಲ, ಹಣದ ಲೆಕ್ಕಾಚಾರ. ಇಲ್ಲಿ ಕೈಕೆಲಸ ದುಬಾರಿ. ಹೆಚ್ಚಿನ ಗ್ಯಾರೇಜುಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂಬುದು ಮೊದಲೇ ನಿಗದಿ. ಮೆಕ್ಯಾನಿಕ್‌ಗೆ ಸಿಗುವುದು ಆ ಗಂಟೆಗಳ ಕೂಲಿ, ಕಾರಣ ಹುಡುಕುತ್ತಾ ಕಳೆದ ಮಧ್ಯಾಹ್ನಕ್ಕೆ ಕಾಸು ಹುಟ್ಟುವುದು ಕಷ್ಟ. ಹಾಗಾಗಿ ಇಡೀ ಗೇರ್‌ಬಾಕ್ಸ್ ಇಳಿಸಿ ಇನ್ನೊಂದನ್ನು ಏರಿಸುವುದೇ ಅವರಿಗೆ ಲಾಭ.

ಹಾಗೆಂದು ನಮ್ಮ ರೀತಿಯನ್ನು ಇಡಿಯಾಗಿ ಇಲ್ಲಿಗೆ ತರಬೇಕು ಎಂದು ನಾನು ಹೇಳುವುದಿಲ್ಲ. ಕೈಗೇರಿನ ಪೆಟ್ಟಿಗೆಯನ್ನು ಬಿಚ್ಚಿ, ಸವೆದ ಬೇರಿಂಗ್ ಒಂದನ್ನೇ ಬದಲಿಸಿ ಮುಚ್ಚಬಹುದು. ಆಟೊಮ್ಯಾಟಿಕ್‌ನಲ್ಲಿ ಅದು ನಡೆಯದು. ಗೇರು ಹಿಡಿದಿಡುವ ಒಳಗಿನ ಕ್ಲಚ್‌ಗಳಲ್ಲಿ ಒಂದು ಸುಟ್ಟರೆ ಅದರ ಪುಡಿ ಎಣ್ಣೆಯ ಜೊತೆ, ಆ ಎಣ್ಣೆಯನ್ನು ಬೇಕಾದ ಕಡೆಗೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆಲ್ಲ ನುಗ್ಗುತ್ತದೆ. ಅಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಸೀಲುಗಳನ್ನೆಲ್ಲ ಹೊಸದು ಹಾಕುವ ಅಮೆರಿಕದ ಶಿಸ್ತೇ ಸರಿ. ಗೇಜ್ ಹಾಕಿ ಲೈನ್ ಪ್ರೆಶರ್, ಅಂದರೆ ಕ್ಲಚ್‌ಗಳನ್ನು ಒತ್ತುವ ಎಣ್ಣೆಯ ಒತ್ತಡ, ಅಳೆಯುವುದು, ಸ್ಕ್ಯಾನರ್‌ನಲ್ಲಿ ಓಡುವಾಗಿನ ಕ್ಲಚ್ ಜಾರಿಕೆ ನೋಡುವುದು, ಇವನ್ನೂ ನಾವು ಇವರಿಂದ ಕಲಿಯಬೇಕು. ಕೊರತೆ ಇರುವುದು, ಅಳೆಯಲು ಇಷ್ಟೆಲ್ಲ ಸಾಧನ ಇದ್ದೂ ಅಳೆಯದೆ ಬಿಡುವುದರಲ್ಲಿ.

ವೇಗದ ಪಿಕಪ್‌ಗಳ ಕಥೆಯಲ್ಲಿ ಇದು ಎದ್ದು ಕಾಣುತ್ತದೆ. 1999ರಿಂದ 2004ರವರೆಗೆ ಬಂದ ಫೋರ್ಡ್ ಲೈಟ್ನಿಂಗ್‌ನಲ್ಲಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದ 5.4 ಲೀಟರ್ ವಿ8 ಎಂಜಿನ್. ಅಶ್ವಶಕ್ತಿ ಮೊದಲು 360, 2001ರಿಂದ 380. ಅದಕ್ಕೆ ಕೊಟ್ಟ 4ಆರ್100 ಗೇರ್‌ಬಾಕ್ಸ್ ಅದೇ ಕಾಲದ 7.3 ಲೀಟರ್ ಡೀಸೆಲ್ ಸೂಪರ್ ಡ್ಯೂಟಿ ಎಂಬ ಫೋರ್ಡಿನ ಭಾರದ ಪಿಕಪ್‌ನಲ್ಲೂ ಇತ್ತು. ಅಂದರೆ ಭಾರ ಎಳೆಯಲೆಂದೇ ಹುಟ್ಟಿದ್ದು. ಮಾಲೀಕರು ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ ಹಾಕಿ ಗಾಳಿಯ ಒತ್ತಡ ಏರಿಸುತ್ತಾರೆ, ಗೇರ್‌ಬಾಕ್ಸ್ ಸುಟ್ಟಾಗ ಕಂಪನಿಯ ಮಾಲೇ ದುರ್ಬಲ ಎನ್ನುತ್ತಾರೆ. ನನಗೆ ಈ ಮಾತು ನ್ಯಾಯವೆನಿಸುವುದಿಲ್ಲ.

ಹೊಸ ಟ್ರಕ್‌ಗಳಲ್ಲಿ ವಿಷಯ ಇನ್ನೂ ಸೂಕ್ಷ್ಮ. 2021ರಲ್ಲಿ ಬಂದ ರ‍್ಯಾಮ್ ಟಿಆರ್‌ಎಕ್ಸ್‌ಗೆ 702 ಅಶ್ವಶಕ್ತಿ, ಎಂಟು ಗೇರು. 2017ರಿಂದ ಬಂದ ಫೋರ್ಡ್ ರ‍್ಯಾಪ್ಟರ್‌ಗೆ ಹತ್ತು ಗೇರು. ಇಂಥವುಗಳಲ್ಲಿ ಕ್ಲಚ್ ಪ್ಲೇಟುಗಳನ್ನು ಎಷ್ಟು ಒತ್ತಿ ಹಿಡಿಯಬೇಕು ಎಂಬುದನ್ನು ಗೇರ್‌ಬಾಕ್ಸ್ ತೀರ್ಮಾನಿಸುವುದು ಎಂಜಿನ್ ಕಂಪ್ಯೂಟರ್ ಒಪ್ಪಿಸುವ ಟಾರ್ಕ್ (ತಿರುಗಿಸುವ ಬಲ) ಲೆಕ್ಕವನ್ನು ನಂಬಿ. ಯಾರೋ ಆ ಕಂಪ್ಯೂಟರಿನ ಪ್ರೋಗ್ರಾಮ್ ತಿದ್ದುವ ಅರೆಬರೆ ಟ್ಯೂನ್ ಹಾಕಿ ಎಂಜಿನ್ ಬಲ ಏರಿಸುತ್ತಾರೆ, ಆದರೆ ಲೆಕ್ಕವನ್ನು ಹಳೆಯದಾಗಿಯೇ ಬಿಡುತ್ತಾರೆ. ಗೇರ್‌ಬಾಕ್ಸ್ ಹಳೆಯ ಬಲಕ್ಕೆ ತಕ್ಕ ಒತ್ತಡವನ್ನೇ ಕೊಡುತ್ತದೆ, ಪ್ಲೇಟು ಜಾರುತ್ತದೆ, ಜಾರಿದಷ್ಟೂ ಬಿಸಿಯಾಗುತ್ತದೆ. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ ಬಲವನ್ನು ತುಸು ತಗ್ಗಿಸಿಕೊಡುವ ಏರ್ಪಾಡೂ ಇರುತ್ತದೆ. ಗೇರು ರಪ್ಪನೆ ಬೀಳಲಿ ಎಂದು ಅದನ್ನೂ ತೆಗೆಸುವವರಿದ್ದಾರೆ. ಇಂಥ ಟ್ರಕ್‌ಗೆ ಎಷ್ಟೇ ದುಬಾರಿ ಪ್ಲೇಟು ಹಾಕಿದರೂ ಆಯುಸ್ಸು ಕಮ್ಮಿಯೇ. ಕೆಟ್ಟಿರುವುದು ಟ್ಯೂನ್, ದಂಡ ತೆರುವುದು ಗೇರ್‌ಬಾಕ್ಸ್.

ಹಳೆಯ ಕಮಿನ್ಸ್ ಡೀಸೆಲ್ ಎಂಜಿನ್ನಿನ ಡಾಡ್ಜ್ ಪಿಕಪ್‌ಗಳಲ್ಲಿ ಇದೇ ಲೆಕ್ಕವನ್ನು ಒಂದು ಕೇಬಲ್ ಒಪ್ಪಿಸುತ್ತದೆ. ಅವುಗಳ 47ಆರ್‌ಇ ಗೇರ್‌ಬಾಕ್ಸಿಗೆ ಪೆಡಲ್ ಎಷ್ಟು ಒತ್ತಿದೆ ಎಂದು ತಿಳಿಸುವ ಈ ಥ್ರಾಟಲ್ ವಾಲ್ವ್ ಕೇಬಲ್ ಸಡಿಲವಾದರೆ ಒತ್ತಡ ಇಳಿಯುತ್ತದೆ, ಗೇರು ಬೇಗ ಬೇಗ, ಮೆತ್ತಗೆ ಬೀಳುತ್ತದೆ. ಓಡಿಸುವವರಿಗೆ ಗಾಡಿ ಹಿತವಾಗಿದೆ ಎನಿಸುತ್ತದೆ, ಒಳಗೆ ಕ್ಲಚ್ ಸವೆಯುತ್ತಿರುತ್ತದೆ. ಕೇಬಲ್ ಸರಿಪಡಿಸಲು ಹೊಸ ಬಿಡಿಭಾಗವೇನೂ ಬೇಕಿಲ್ಲ. ಈ ಗೇರ್‌ಬಾಕ್ಸಿನ ಎಣ್ಣೆ ಮಟ್ಟ ನೋಡುವುದೂ ಎಂಜಿನ್ ಓಡುತ್ತಾ ನ್ಯೂಟ್ರಲ್‌ನಲ್ಲಿದ್ದಾಗ. ಬೇರೆ ಎಷ್ಟೋ ಗಾಡಿಗಳಂತೆ ಪಾರ್ಕ್‌ನಲ್ಲಿ ನೋಡಿದರೆ ಅಳತೆ ತಪ್ಪುತ್ತದೆ.

ನಿಧಾನವಾಗಿ ಹೋಗುವಾಗ, ಪೆಡಲ್ ಹಗುರವಾಗಿ ಒತ್ತಿದ್ದಾಗ, ಗಾಡಿ ಗಡಗಡ ನಡುಗುತ್ತದೆ ಎಂಬ ದೂರು ಬಲು ಸಾಮಾನ್ಯ. ಆಗ ಎಡಗಾಲಿನಿಂದ ಬ್ರೇಕನ್ನು ಸುಮ್ಮನೆ ಮುಟ್ಟಿ, ಗಾಡಿ ನಿಲ್ಲುವಷ್ಟಲ್ಲ, ಬ್ರೇಕ್ ದೀಪ ಹತ್ತುವಷ್ಟು. ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕಪ್, ಅಂದರೆ ಎರಡನ್ನೂ ನೇರವಾಗಿ ಬೆಸೆದು ಹಿಡಿಯುವ ಕ್ಲಚ್, ಬಿಡುತ್ತದೆ. ನಡುಕ ತಕ್ಷಣ ನಿಂತರೆ ಸಂಶಯ ಲಾಕಪ್ ಕಡೆಗೆ, ನಿಲ್ಲದಿದ್ದರೆ ಪ್ಲಗ್ಗು, ಕಾಯಿಲ್ಲು, ಶಾಫ್ಟು ನೋಡಬೇಕು. ಸ್ಕ್ಯಾನರ್‌ನಲ್ಲಿ ಪಿ0741 ಎಂಬ ದೋಷದ ಕೋಡ್ ಬಂತೆಂದು ಕನ್ವರ್ಟರ್ ಕೊಳ್ಳಲು ಓಡುವವರೂ ಉಂಟು. ಆ ಕೋಡ್ ಹೇಳುವುದು ಲಾಕಪ್ ಸರಿಯಾಗಿ ಹಿಡಿಯುತ್ತಿಲ್ಲ ಎಂದಷ್ಟೇ. ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ), ವೈರು, ಸವೆದ ವಾಲ್ವ್, ಯಾವುದರಿಂದಲೂ ಅದು ಬರಬಹುದು.

ಗೇರ್‌ಬಾಕ್ಸ್ ಬಲಪಡಿಸುವುದಕ್ಕೆ ನನ್ನ ವಿರೋಧವೇನಿಲ್ಲ, ಅನುಕ್ರಮದ ಬಗ್ಗೆ ನನಗೆ ಹಟವಿದೆ. ಮೊದಲು ತಾಪಮಾನ ತೋರಿಸುವ ಗೇಜ್ ಮತ್ತು ದೊಡ್ಡ ಕೂಲರ್. ಎಣ್ಣೆ 200 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ, 250 ದಾಟಿ ಓಡುತ್ತಿದ್ದರೆ ಎಣ್ಣೆಯೂ ಸೀಲೂ ಬೇಗ ಮುಪ್ಪಾಗುತ್ತವೆ. ಆಮೇಲೆ ವಾಲ್ವ್ ಬಾಡಿ, ಕನ್ವರ್ಟರ್, ಪ್ಲೇಟು. ಎಂಜಿನ್ ಬಲ ಕೊನೆಗೆ. ಕನ್ವರ್ಟರ್ ಆರಿಸುವಾಗ ಹೆಚ್ಚು ಸ್ಟಾಲ್ (ಗಾಡಿಯನ್ನು ಬ್ರೇಕ್‌ನಲ್ಲಿ ಹಿಡಿದಿರುವಾಗ ಎಂಜಿನ್ ಏರಬಲ್ಲ ಸುತ್ತು) ಎಂದರೆ ಹೆಚ್ಚು ಉತ್ತಮ ಎಂದು ಕೊಳ್ಳುವುದು ದೊಡ್ಡ ತಪ್ಪು. ಕಡಿಮೆ ಸುತ್ತಿನಲ್ಲೇ ಎಳೆತ ಕೊಡುವ ಡೀಸೆಲ್‌ಗೆ, ಅದರಲ್ಲೂ ಟ್ರೈಲರ್ ಎಳೆಯುವುದಕ್ಕೆ, ಇಂಥ ಹೆಚ್ಚು ಸ್ಟಾಲ್‌ನ ಸಡಿಲ ಕನ್ವರ್ಟರ್ ಹಾಕಿದರೆ ಸಿಗುವುದು ಬಿಸಿ ಎಣ್ಣೆ ಮಾತ್ರ.

ನನಗೆ ತುಂಬ ಬೇಸರ ತರಿಸುವುದು ಹಳೆಯ ಕೂಲರ್ ವಿಷಯ. ಸತ್ತ ಗೇರ್‌ಬಾಕ್ಸಿನ ಲೋಹದ ಚೂರು ಕೂಲರಿನ ಕೊಳವೆಗಳಲ್ಲಿ ಕೂತಿರುತ್ತದೆ. ಅದನ್ನು ತೊಳೆಯದೆ ಹೊಸದನ್ನು ಜೋಡಿಸಿದರೆ ಆ ಕಸವೆಲ್ಲ ಹೊಸದರ ಹೊಟ್ಟೆಗೆ. ಎರಡನೆಯದೂ ಕೆಟ್ಟಾಗ ಬೈಗುಳ ತಯಾರಿಸಿದವರಿಗೆ.

ಕಾರಣ ತಿಳಿಯದೆ ಹೋಗುವುದಕ್ಕೆ ಇನ್ನೊಂದು ಪದ್ಧತಿಯೂ ಕೂಡಿಬಂದಿದೆ. ಮರುನಿರ್ಮಿತ ಗೇರ್‌ಬಾಕ್ಸ್ ಕೊಂಡರೆ ಹಳೆಯದನ್ನು ವಾಪಸು ಕಳಿಸಬೇಕು, ಕಳಿಸಿದರೆ ಮಾತ್ರ ಠೇವಣಿ ಹಿಂತಿರುಗುತ್ತದೆ. ಸಾಕ್ಷಿಯೇ ಲಾರಿ ಹತ್ತಿ ಹೊರಟುಹೋಗುತ್ತದೆ. ನಮ್ಮ ಕಡೆ ಮೇಸ್ತ್ರಿ ಬಿಚ್ಚಿದ ಸಾಮಾನನ್ನು ಮಾಲೀಕನ ಮುಂದೆ ಹರಡಿ ತೋರಿಸುವ ರೂಢಿ ಇಲ್ಲಿಗೂ ಬರಬೇಕೆಂಬುದು ನನ್ನ ಆಸೆ. ಗೇರ್‌ಬಾಕ್ಸ್ ಕಳಿಸುವ ಮೊದಲು ನಿಮ್ಮೆದುರೇ ತಳದ ಪ್ಯಾನ್ ತೆಗೆಯಲು ಹೇಳಿ. ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಹೊಳೆಯುವ ಚೂರುಗಳಿದ್ದರೆ ಗೇರು ಅಥವಾ ಬೇರಿಂಗ್, ಕಪ್ಪು ಹೊಟ್ಟು ಮತ್ತು ಸುಟ್ಟ ವಾಸನೆ ಇದ್ದರೆ ಕ್ಲಚ್. ಫೋಟೊ ತೆಗೆದುಕೊಂಡು, ಲೈನ್ ಪ್ರೆಶರ್ ಎಷ್ಟಿತ್ತು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.