ಬಾಯಿ ಸೊಟ್ಟಗಾದರೆ ನಾಟಿ ಔಷಧಿಗೆ ಓಡಬೇಡಿ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದೇ ಕಡೆಯಿಂದ ಸೋರುತ್ತದೆ. ಬಾಯಿ ಸೊಟ್ಟ, ಒಂದು ಕಣ್ಣು ಮುಚ್ಚುತ್ತಿಲ್ಲ. 'ಗಾಳಿ ಹೊಡೆದಿದೆ' ಅಂತ ಯಾರೋ ಹೇಳಿಬಿಡುತ್ತಾರೆ. ಆಮೇಲೆ ಎಣ್ಣೆ, ದೃಷ್ಟಿ ತೆಗೆಯುವುದು, ನಾಟಿ ಔಷಧಿ. ನಮ್ಮ ಚಿಕ್ಕಮ್ಮನಿಗೂ ಹೀಗೇ ಆಯಿತು. ಅಮೂಲ್ಯವಾದ ಸಮಯ ಸುಮ್ನೆ ಕಳೆದುಹೋಯಿತು.

ಇದು ಹೆಚ್ಚಾಗಿ ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಕಡೆ ಸೋಲುವ ನರದ ಕಾಯಿಲೆ. ಮುಖದ ನರ ಕಿವಿಯ ಹತ್ತಿರದ ಮೂಳೆಯೊಳಗೆ ಇಕ್ಕಟ್ಟಾದ ದಾರಿಯಲ್ಲಿ ಹಾದು ಬರುತ್ತದೆ. ಅದು ಊದಿಕೊಂಡರೆ ಅಲ್ಲೇ ಸಿಕ್ಕಿ ನಲುಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಬಸುರಿಯರಲ್ಲಿ ಸ್ವಲ್ಪ ಜಾಸ್ತಿ.

ನಾಟಿ ಔಷಧಿಗೆ ಹೆಸರು ಬಂದಿದ್ದು ಹೇಗೆ ಗೊತ್ತಾ? ಏನೂ ಮಾಡದಿದ್ದರೂ 100ರಲ್ಲಿ ಸುಮಾರು 70 ಜನಕ್ಕೆ ತಾನಾಗಿಯೇ ಪೂರ್ತಿ ವಾಸಿಯಾಗುತ್ತದೆ. ಉಳಿದವರ ಕಥೆ ಯಾರೂ ಹೇಳುವುದಿಲ್ಲ. ನೀವು ಯಾವ ಗುಂಪಿನವರು ಅಂತ ಮೊದಲೇ ಗೊತ್ತಾಗುವುದೂ ಇಲ್ಲ. 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರೆ ವಾಸಿಯಾಗುವವರು ಹೆಚ್ಚುತ್ತಾರೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಹೊತ್ತಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಶೇ. 94, ತೆಗೆದುಕೊಳ್ಳದವರಲ್ಲಿ ಶೇ. 82 ಮಂದಿ ಪೂರ್ತಿ ಗುಣವಾಗಿದ್ದರು. ಆದರೆ ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತರಬೇಡಿ. ಈ ಮಾತ್ರೆಗೆ ಶುಗರ್ ಏರುತ್ತದೆ.

ಲಕ್ವಾ (ಸ್ಟ್ರೋಕ್) ಅಲ್ವಾ ಅನ್ನುವ ಭಯ ಸಹಜ. ಬೆಲ್ಸ್ ಪಾಲ್ಸಿಯಲ್ಲಿ ಆ ಕಡೆಯ ಹುಬ್ಬು ಏರುವುದಿಲ್ಲ, ಹಣೆಯಲ್ಲಿ ಗೆರೆ ಮೂಡುವುದಿಲ್ಲ. ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಹಣೆ ಸರಿಯಿರುತ್ತದೆ. ಹಾಗಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಕೈಕಾಲು ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ನನಗೆ ಅತಿ ಹೆಚ್ಚು ನೋವಾಗುವುದು ಕಣ್ಣಿನ ವಿಷಯಕ್ಕೆ. ಚಿಕ್ಕಮ್ಮ ಮಲಗಿದಾಗ ಆ ರೆಪ್ಪೆ ಅರ್ಧಕ್ಕೇ ನಿಲ್ಲುತ್ತಿತ್ತು, ಒಳಗೆ ಬಿಳಿಭಾಗ ಮಾತ್ರ ಕಾಣುತ್ತಿತ್ತು. ಎಲ್ಲರೂ ಬಾಯಿ ಯಾವಾಗ ನೆಟ್ಟಗಾಗುತ್ತೆ ಅಂತಲೇ ಕೇಳಿದರು, ಕಣ್ಣು ಉರಿಯುತ್ತಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಮುಚ್ಚದ ಕಣ್ಣು ಒಣಗಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಹಗಲಿಗೆ ಕಣ್ಣು ತೇವವಾಗಿಡುವ ಡ್ರಾಪ್ಸ್, ರಾತ್ರಿಗೆ ಮುಲಾಮು ಬರೆಸಿಕೊಳ್ಳಿ. ಮಲಗುವ ಮುಂಚೆ ರೆಪ್ಪೆಯನ್ನು ಪೂರ್ತಿ ಮುಚ್ಚಿ ಟೇಪ್ ಹಾಕುವುದು ಹೇಗೆ ಅಂತ ಡಾಕ್ಟರ ಹತ್ತಿರವೇ ಕಲಿಯಿರಿ. ಗಾಡಿಯಲ್ಲಿ ಹೋಗುವಾಗ ಕನ್ನಡಕ ಬೇಕೇ ಬೇಕು.

ಕಿವಿಯಲ್ಲಿ ನೋವಿನ ಗುಳ್ಳೆ ಎದ್ದಿದ್ದರೆ ಅದನ್ನೂ ತೋರಿಸಿ. ಅದು ರಾಮ್ಸೇ ಹಂಟ್ ಎಂಬ ವೈರಸ್ ಕಾಯಿಲೆ ಇರಬಹುದು, 2022ರಲ್ಲಿ ಗಾಯಕ ಜಸ್ಟಿನ್ ಬೀಬರ್‌ಗೆ ಬಂದದ್ದು. ಅದಕ್ಕೆ ವೈರಸ್ ಔಷಧಿಯೂ ಬೇಕು. ಮೂರು ತಿಂಗಳಾದರೂ ಮುಖ ಸರಿಹೋಗದಿದ್ದರೆ, ಅಥವಾ ವಾರವಾರಕ್ಕೂ ಜಾಸ್ತಿಯಾಗುತ್ತಿದ್ದರೆ, ನರರೋಗ ತಜ್ಞರ ಹತ್ತಿರ ಮತ್ತೆ ಹೋಗಿ. ಕಾರಣ ಬೇರೆ ಇರಬಹುದು.