ಇಂಟರ್ನೆಟ್ ಇಲ್ಲ, ಉಳಿದಂತೆ ಕ್ಷೇಮ

ಗುಡುಗು ನಿಂತು ಅರ್ಧ ಗಂಟೆಯಾಗಿದೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಇನ್ನೂ ಅದೇ ಸಾಲು: ‘ನೋ ಇಂಟರ್ನೆಟ್, ಸೆಕ್ಯೂರ್ಡ್’. ಹಿಂದೆ ಬೊಂಬಾಯಿಯಿಂದ ಊರಿಗೆ ಬರುತ್ತಿದ್ದ ಪತ್ರಗಳ ಧಾಟಿ ಇದು. ಈ ತಿಂಗಳು ದುಡ್ಡು ಕಳಿಸಲಾಗಲಿಲ್ಲ, ಉಳಿದಂತೆ ಎಲ್ಲರೂ ಕ್ಷೇಮ. ವೈಫೈಗೆ ಪಾಸ್‌ವರ್ಡ್ ಇದೆ ಎಂಬುದಷ್ಟೇ ಆ ಕ್ಷೇಮದ ಅರ್ಥ.

ಇಂಥ ಹೊತ್ತಿನಲ್ಲಿ ಮನೆಮಂದಿಯೆಲ್ಲ ಇಂಜಿನಿಯರುಗಳು. ‘ಒಮ್ಮೆ ಆಫ್ ಮಾಡಿ ಆನ್ ಮಾಡಿ ಮಾರಾಯ್ರೆ.’ ಮಾಡುವ, ಆದರೆ ಯಾವುದನ್ನು? ಅದು ತಿಳಿಯಬೇಕಾದರೆ ಮೊಬೈಲನ್ನು ಅದೇ ವೈಫೈಗೆ ಹಾಕಿ, ಮೊಬೈಲ್ ಡೇಟಾ ಬಂದ್ ಮಾಡಿ ನೋಡಬೇಕು. ಡೇಟಾ ಬಂದ್ ಮಾಡದೆ ‘ನನ್ನ ಮೊಬೈಲಿನಲ್ಲಿ ಬರ್ತದಲ್ಲ’ ಅನ್ನುವವರ ಸಾಕ್ಷ್ಯವನ್ನು ತಳ್ಳಿಹಾಕಿ. ಮೊಬೈಲಿನಲ್ಲೂ ಬಾರದಿದ್ದರೆ ಲ್ಯಾಪ್‌ಟಾಪನ್ನು ಬಿಟ್ಟುಬಿಡಿ, ಅದರ ತಪ್ಪಿಲ್ಲ.

‘ಗೋಡೆ ದಪ್ಪ, ಅದಕ್ಕೇ’ ಎಂದು ಒಬ್ಬರಾದರೂ ಹೇಳುತ್ತಾರೆ. ಗೋಡೆಯ ಮಾತು ಬಂದ ಮೇಲೆ ಸುಮ್ಮನಿರುವುದು ಕಷ್ಟ. ಕರಾವಳಿಯಲ್ಲಿ ಗೋಡೆ ಕಟ್ಟುವ ನಮ್ಮ ಕೆಂಪು ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ಪ್ರವಾಸ ವರದಿಯಲ್ಲಿ. ಅವನು ಅದನ್ನು ವಿವರಿಸಿದ್ದು ಮಲಬಾರಿನ ಅಂಗಡಿಪುರದ ಕಲ್ಲನ್ನು ನೋಡಿ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕಬ್ಬಿಣದ ಹತ್ಯಾರಿಗೆ ಸಲೀಸಾಗಿ ಸಿಗುವ ಕಲ್ಲು, ಗಾಳಿಗೆ ಬಿದ್ದ ಮೇಲೆ ಬಿರುಸು. ಮೈಯೆಲ್ಲ ತೂತು, ಒಳಗೆಲ್ಲ ಕಬ್ಬಿಣದ ಕೆಂಪು. ಆಟಿ ತಿಂಗಳ ಮಳೆಗೆ ಗಾರೆಯಿಲ್ಲದ ಹೊರಗೋಡೆ ಸ್ಪಂಜಿನಂತೆ ನೀರು ಕುಡಿಯುತ್ತದೆ, ನೀರು ವೈಫೈಯನ್ನು ಕುಡಿಯುತ್ತದೆ. 5 ಗಿಗಾಹರ್ಟ್ಜ್ ಎಂಬ ವೇಗದ ಸಿಗ್ನಲ್ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಗಿಗಾಹರ್ಟ್ಜ್‌ನದ್ದು ನಿಧಾನವಾದರೂ ಉಪ್ಪರಿಗೆಯವರೆಗೆ ಹತ್ತುತ್ತದೆ. ಗೋಡೆಯನ್ನು ಓರೆಯಾಗಿ ದಾಟಬೇಕಾದರೆ ಒಂದಡಿ ಕಲ್ಲು ಎರಡಡಿಯಾದೀತು. ಇಷ್ಟಿದ್ದೂ ರೂಟರನ್ನು ಇಡುವುದೆಲ್ಲಿ? ಕೇಬಲ್ ಒಳಬರುವ ಮೂಲೆಯಲ್ಲಿ, ಟಿವಿಯ ಬೆನ್ನಿಗೆ, ಸ್ಟೀಲ್ ಕಪಾಟಿನ ಪಕ್ಕ. ಕಾಣಬಾರದಂತೆ! ನಡುಮನೆಯಲ್ಲಿ ಎತ್ತರಕ್ಕೆ ಇಟ್ಟರೆ ಚಂದ ಕೆಡುತ್ತದಂತೆ. ದೊಡ್ಡ ಕನ್ನಡಿಯ ಹಿಂದೆ ಇಡುವವರೂ ಇದ್ದಾರೆ. ಅವರಿಗೆ ಎಂತ ಹೇಳುವುದು.

ಆದರೆ ಸಿಗ್ನಲ್ ಗೆರೆ ಪೂರ್ತಿ ಇದ್ದೂ ಇಂಟರ್ನೆಟ್ ಇಲ್ಲವಾದರೆ ಇಷ್ಟು ಹೊತ್ತು ಗೋಡೆಗೆ ಬೈದದ್ದು ದಂಡ.

ಮೊಬೈಲಿಗೆ ಬಂದು ಲ್ಯಾಪ್‌ಟಾಪಿಗೆ ಮಾತ್ರ ಬಾರದಿದ್ದರೆ ಆಗ ಅದರ ಕಿವಿ ಹಿಂಡಬಹುದು. ‘ಟ್ರಬಲ್‌ಶೂಟ್’ ಗುಂಡಿ ಒತ್ತಿ ಕೂರುವುದಕ್ಕಿಂತ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ‘ಐಪಿಕಾನ್ಫಿಗ್’ (ipconfig) ಹೊಡೆಯಿರಿ, ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪಿನ ವಿಳಾಸ ಕಾಣುತ್ತದೆ. ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಬರೆದುಕೊಂಡಿದೆ ಎಂದರ್ಥ. ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ. 192.168ರಿಂದ ಶುರುವಾಗಿದ್ದರೆ ‘ಪಿಂಗ್ 8.8.8.8’ (ping 8.8.8.8) ಹೊಡೆದು ಗೂಗಲಿನ ಸರ್ವರನ್ನು ಕೂಗಿ ನೋಡಿ. ಉತ್ತರ ಬಂದೂ ಪುಟ ತೆರೆಯದಿದ್ದರೆ ಪುಟದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿರಬಹುದು, ವೈಫೈ ಸೆಟ್ಟಿಂಗಿನ ಡಿಎನ್‌ಎಸ್ ಜಾಗದಲ್ಲಿ ಅದೇ 8.8.8.8 ತುಂಬಿಸಿ. ತಾರೀಕನ್ನೂ ನೋಡಿ. ಗಡಿಯಾರ ಯಾವುದೋ ಹಳೇ ವರ್ಷದಲ್ಲಿ ನಿಂತಿದ್ದರೆ ಬ್ಯಾಂಕಿನ ಪುಟ ಒಳಗೇ ಬಿಡುವುದಿಲ್ಲ.

ಎಲ್ಲರಿಗೂ ಬಾರದಿದ್ದರೆ ಟಿವಿಯ ಹಿಂದೆ ಬಗ್ಗಬೇಕು. ಹೊರಗಿನ ಕೇಬಲ್ ಬಂದು ಸೇರುವ ಪುಟ್ಟ ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ (LOS, ಸಿಗ್ನಲ್ ಇಲ್ಲ) ದೀಪ ಕೆಂಪಗಿದ್ದರೆ ಹೊರಗೆಲ್ಲೋ ಕೇಬಲಿನ ಮೇಲೆ ತೆಂಗಿನ ಮಡಲು ಬಿದ್ದಿರಬಹುದು. ಕಂಪೆನಿಗೆ ಫೋನ್ ಮಾಡಿ ಚಾ ಕುಡಿಯಿರಿ. ದೀಪವೇ ಇಲ್ಲದಿದ್ದರೆ? ಗುಡುಗಿಗೆ ಹೆದರಿ ಎಲ್ಲ ಪ್ಲಗ್ ಕಿತ್ತದ್ದು ಸರಿಯೇ. ಫೈಬರ್ ಗಾಜಿನ ಎಳೆ, ಸಿಡಿಲಿನ ಕರೆಂಟನ್ನು ಒಯ್ಯದು, ಕರೆಂಟಿನ ವಯರು ಒಯ್ಯುತ್ತದೆ. ಮಳೆ ನಿಂತ ಮೇಲೆ ರೂಟರಿನದ್ದನ್ನು ಸಿಕ್ಕಿಸಿದವರು ಪಕ್ಕದ ಫೈಬರ್ ಪೆಟ್ಟಿಗೆಯದ್ದನ್ನು ಮರೆತಿದ್ದಾರೆ. ಅಲ್ಲವಾದರೆ ಅದಲು ಬದಲು ಮಾಡಿದ್ದಾರೆ. ಎರಡರ ಪಿನ್ನೂ ಒಂದೇ ಇದ್ದು, ಒಂದು 9 ವೋಲ್ಟಿನದ್ದು, ಇನ್ನೊಂದು 12ರದ್ದು ಇರಬಹುದು. ಅಡಾಪ್ಟರಿನ ಬೆನ್ನ ಮೇಲೆ ಅಚ್ಚಾಗಿರುತ್ತದೆ, ಇರುವೆಯ ಕಣ್ಣಿಗಷ್ಟೇ ಕಾಣುವ ಅಕ್ಷರದಲ್ಲಿ. ಒಂದು ತುಂಡು ಟೇಪ್ ಅಂಟಿಸಿ ಮಾರ್ಕರಿನಲ್ಲಿ ಬರೆದಿಡಿ ಎಂದು ಪ್ರತಿ ಮಳೆಗಾಲದಲ್ಲೂ ಹೇಳುವುದಾಗುತ್ತದೆ. ಟೇಪ್ ಮಾತ್ರ ಯಾರ ಮನೆಯಲ್ಲೂ ಸಿಗುವುದಿಲ್ಲ.